ಹಡಗಿನ ಒಳಗಿದ್ದ ಮರ ಎಲ್ಲಿಗೆ ಹೋಯಿತು?

ಕ್ರೂಸ್ ಹಡಗಿನಲ್ಲಿ ಮತ್ತೆ ಮತ್ತೆ ಹೋಗಿ ರೂಢಿಯಾದವರ ಸೂಟ್‌ಕೇಸಿನಲ್ಲಿ ಒಂದಷ್ಟು ಮ್ಯಾಗ್ನೆಟ್ ಕೊಕ್ಕೆಗಳು ಇರುತ್ತವೆ. ಕ್ಯಾಬಿನ್ನಿನ ಗೋಡೆಗೆ ಅವನ್ನು ಅಂಟಿಸಿ ಟೋಪಿ, ಚೀಲ, ಒದ್ದೆ ಬಟ್ಟೆ ಎಲ್ಲ ನೇತುಹಾಕುತ್ತಾರೆ. ನೋಡಿದರೆ ಆ ಗೋಡೆ ಓಕ್ ಮರದ ಹಲಗೆಯ ಹಾಗೇ ಇರುತ್ತದೆ. ಗೆರೆ, ಗಂಟು ಎಲ್ಲವೂ ಇವೆ. ಆದರೆ ಮರಕ್ಕೆ ಮ್ಯಾಗ್ನೆಟ್ ಅಂಟುವುದಿಲ್ಲ, ಅಲ್ವಾ? ಒಳಗಿರುವುದು ಉಕ್ಕಿನ ತಗಡು. ಮೇಲಿರುವುದು ಮರದ ಚಿತ್ರ ಅಚ್ಚಾದ ಪ್ಲಾಸ್ಟಿಕ್ ಹಾಳೆ.

ದೊಡ್ಡ ಹೊಸ ಹಡಗು ಬಂದಾಗಲೆಲ್ಲ ಪ್ರಯಾಣಿಕರ ನಡುವೆ ಒಂದು ವಾದ ಏಳುತ್ತದೆ. ಒಳಗೆಲ್ಲ ತಣ್ಣಗಿದೆ, ಏರ್‌ಪೋರ್ಟ್ ಲಾಂಜಿನಲ್ಲಿ ಕೂತಂತಾಗುತ್ತದೆ ಎಂದು ಒಂದು ಗುಂಪು. ಸ್ವಚ್ಛವಾಗಿದೆ, ಬೆಳಕಿದೆ, ಕಿಟಕಿ ತುಂಬ ಸಮುದ್ರ ಕಾಣುತ್ತದೆ, ಇನ್ನೇನು ಬೇಕು ಎಂದು ಇನ್ನೊಂದು ಗುಂಪು. 2018ರಲ್ಲಿ 'ಸೆಲೆಬ್ರಿಟಿ ಎಡ್ಜ್' ಬಂದಾಗಲೂ ಇದೇ ಆಯಿತು. ಅದರ ಕ್ಯಾಬಿನ್ನುಗಳನ್ನು ರೂಪಿಸಿದವರು ಲಂಡನ್ನಿನ ಕೆಲ್ಲಿ ಹಾಪನ್. ಬೂದು ಬಣ್ಣಕ್ಕೂ ಕಂದು ಬಣ್ಣಕ್ಕೂ ನಡುವಿನ ಛಾಯೆಗಳಿಗೇ ಹೆಸರಾದವರು. ಹಡಗಿನ ಹಿಂಬದಿಯ 'ಈಡನ್' ಎಂಬ ಗಾಜಿನ ಮಂಟಪ ಪಟ್ರೀಸಿಯಾ ಉರ್ಕಿಯೋಲಾ ಅವರದು. ದುಬೈಯ ಬುರ್ಜ್ ಅಲ್ ಅರಬ್ ಹೋಟೆಲಿನ ವಾಸ್ತುಶಿಲ್ಪಿ ಟಾಮ್ ರೈಟ್ ಅವರ ಕೈಯೂ ಇದರಲ್ಲಿದೆ. ಇಷ್ಟು ದೊಡ್ಡವರು ಸೇರಿ ಮಾಡಿದ ಮೇಲೂ ಕೆಲವರಿಗೆ ಬೆಚ್ಚಗೆ ಅನ್ನಿಸಲಿಲ್ಲ. ಇದು ಬರೀ ರುಚಿಯ ವಿಷಯ ಎಂದು ಬಿಟ್ಟುಬಿಡಬಹುದು. ನನಗೆ ಹಾಗನ್ನಿಸುವುದಿಲ್ಲ. ಹಡಗಿನ ಒಳಗು ತಣ್ಣಗಾದದ್ದರ ಹಿಂದೆ ಬೆಂಕಿ ಇದೆ.

ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಹಡಗು ಕಂಪನಿಗಳ ತಲೆನೋವೇ ಬೇರೆ ಇತ್ತು. ಅಟ್ಲಾಂಟಿಕ್ ದಾಟುವ ದುಡ್ಡಿರುವವರಿಗೆ ಸಮುದ್ರ ಎಂದರೆ ವಾಂತಿ, ಚಳಿ, ಭಯ. ಅದನ್ನು ಹೇಗಾದರೂ ಮರೆಸಬೇಕಿತ್ತು. ಹ್ಯಾಂಬರ್ಗ್-ಅಮೆರಿಕ ಕಂಪನಿಯ ಆಲ್ಬರ್ಟ್ ಬಾಲಿನ್ ಪ್ಯಾರಿಸ್ಸಿನ ರಿಟ್ಜ್ ಹೋಟೆಲನ್ನು ರೂಪಿಸಿದ್ದ ಶಾರ್ಲ್ ಮೆವೆಸ್ ಅವರನ್ನೇ ಹಿಡಿದು ತಂದರು. 1905ರ 'ಅಮೆರಿಕ' ಹಡಗಿನಲ್ಲಿ ರಿಟ್ಜ್-ಕಾರ್ಲ್‌ಟನ್ ಹೆಸರಿನ ರೆಸ್ಟೋರೆಂಟ್ ಬಂತು. ಆಮೇಲೆ ಎಲ್ಲರೂ ಅದೇ ದಾರಿ ಹಿಡಿದರು. ಕೆತ್ತನೆಯ ಓಕ್, ಮಹಾಗನಿ, ಅಗ್ಗಿಷ್ಟಿಕೆ, ದಪ್ಪ ಕಾರ್ಪೆಟ್, ಹಳ್ಳಿಯ ಜಮೀನ್ದಾರನ ಬಂಗಲೆಯ ಲೈಬ್ರರಿ. ಟೈಟಾನಿಕ್‌ನ ಜೋಡಿ ಹಡಗು 'ಒಲಿಂಪಿಕ್' ಅನ್ನು 1930ರ ದಶಕದಲ್ಲಿ ಒಡೆದಾಗ ಅದರ ಮರದ ಹಲಗೆಗಳನ್ನು ಜನ ಹರಾಜಿನಲ್ಲಿ ಕೊಂಡುಕೊಂಡು ಹೋದರು. ಇಂಗ್ಲೆಂಡಿನ ಆಲ್ನಿಕ್ ಊರಿನ ವೈಟ್ ಸ್ವಾನ್ ಹೋಟೆಲಿನ ಊಟದ ಹಾಲ್ ಈಗಲೂ ಆ ಹಲಗೆಗಳದ್ದೇ.

1934ರ ಸೆಪ್ಟೆಂಬರ್ 8. 'ಮಾರೊ ಕ್ಯಾಸಲ್' ಹಡಗು ಹವಾನಾದಿಂದ ನ್ಯೂಯಾರ್ಕಿಗೆ ವಾಪಸಾಗುತ್ತಿತ್ತು. ಕಟ್ಟಿ ನಾಲ್ಕೇ ವರ್ಷವಾಗಿತ್ತು. ಹಿಂದಿನ ಸಂಜೆ ಕ್ಯಾಪ್ಟನ್ ತೀರಿಕೊಂಡಿದ್ದರಿಂದ ಅವರ ಕೈಕೆಳಗಿನ ಅಧಿಕಾರಿ ಹಡಗು ನಡೆಸುತ್ತಿದ್ದರು. ನಸುಕಿಗೂ ಮೊದಲು ಪತ್ರ ಬರೆಯುವ ಕೋಣೆಯ ಒಂದು ಕಪಾಟಿನಲ್ಲಿ ಬೆಂಕಿ ಕಾಣಿಸಿತು. ಅಂದಿನ ಹಡಗುಗಳಲ್ಲಿ ಪತ್ರ ಬರೆಯಲಿಕ್ಕೇ ಒಂದು ಕೋಣೆ ಇರುತ್ತಿತ್ತು, ಚೆಂದದ ಮರದ ಗೋಡೆಗಳೊಂದಿಗೆ. ಅಂಟು ಹಾಕಿ ಕೂರಿಸಿದ ತೆಳು ಮರದ ಪದರಗಳು, ಅದರ ಮೇಲೆ ಹೊಳೆಯುವ ಪಾಲಿಶ್. ಹೊರಗೆ ಜೋರು ಗಾಳಿ ಬೇರೆ. ಬೆಂಕಿ ನೋಡನೋಡುತ್ತಿದ್ದಂತೆ ಹಡಗಿನ ನಡುಭಾಗವನ್ನೆಲ್ಲ ನುಂಗಿತು. 137 ಜನ ಸತ್ತರು. ಸುಟ್ಟು ಕರಕಲಾದ ಹಡಗು ತೇಲುತ್ತಾ ಬಂದು ನ್ಯೂಜೆರ್ಸಿಯ ಆಸ್ಬರಿ ಪಾರ್ಕ್ ಬೀಚಿನಲ್ಲಿ, ಜನರ ಕಣ್ಣೆದುರಿಗೇ ನಿಂತಿತು. ನೋಡಲು ಸಾವಿರಾರು ಜನ ಬಂದರು.

ವಿಚಿತ್ರ ನೋಡಿ, ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಬ್ರಿಟಿಷರು ಆಗ 'ಕ್ವೀನ್ ಮೇರಿ' ಕಟ್ಟುತ್ತಿದ್ದರು. 1936ರಲ್ಲಿ ಅದು ಹೊರಟಾಗ ಒಳಗೆ ಸಾಮ್ರಾಜ್ಯದ ಮೂಲೆ ಮೂಲೆಯಿಂದ ತಂದ 50ಕ್ಕೂ ಹೆಚ್ಚು ಬಗೆಯ ಮರಗಳಿದ್ದವು. ಅದನ್ನೇ ಹೆಮ್ಮೆಯಿಂದ ಹೇಳಿಕೊಂಡರು.

ಅಮೆರಿಕ ಮಾತ್ರ ಪಾಠ ಕಲಿಯಿತು. ಕಲಿತವರಲ್ಲಿ ಮೊದಲಿಗರು ವಿಲಿಯಂ ಫ್ರಾನ್ಸಿಸ್ ಗಿಬ್ಸ್ ಎಂಬ ಹಡಗು ವಿನ್ಯಾಸಕಾರ. ಮನುಷ್ಯನಿಗೆ ಬೆಂಕಿ ತಡೆಯುವ ಹುಚ್ಚೇ ಹಿಡಿದಿತ್ತು ಎನ್ನಬೇಕು. 1952ರಲ್ಲಿ ಅವರ 'ಯುನೈಟೆಡ್ ಸ್ಟೇಟ್ಸ್' ಹಡಗು 3 ದಿನ 10 ಗಂಟೆ 40 ನಿಮಿಷದಲ್ಲಿ ಅಟ್ಲಾಂಟಿಕ್ ದಾಟಿ ದಾಖಲೆ ಮಾಡಿತು. ಅದರ ಒಳಗೆ ಮರ ಎಂದರೆ ಅಡುಗೆಮನೆಯಲ್ಲಿ ಮಾಂಸ ಕಡಿಯುವ ದಿಮ್ಮಿ ಮತ್ತು ಪಿಯಾನೋಗಳು ಎಂಬ ಮಾತು ಪ್ರಸಿದ್ಧವಾಯಿತು. ಪಿಯಾನೋವನ್ನೂ ಅಲ್ಯೂಮಿನಿಯಂನಲ್ಲೇ ಮಾಡಿ ಎಂದು ಗಿಬ್ಸ್ ಪಟ್ಟು ಹಿಡಿದಿದ್ದರಂತೆ. ಸ್ಟೈನ್‌ವೇ ಕಂಪನಿಯವರು ತಮ್ಮ ಮರದ ಮೇಲೆ ಪೆಟ್ರೋಲ್ ಸುರಿದು ಕಡ್ಡಿ ಗೀರಿ ತೋರಿಸಿದ ಮೇಲೇ ಒಪ್ಪಿದರು ಎಂಬ ಕಥೆ ಇದೆ. ಕುರ್ಚಿ ಅಲ್ಯೂಮಿನಿಯಂ, ಪರದೆ ಗಾಜಿನ ನಾರು. ಒಳಾಂಗಣ ಮಾಡಿದ ಡೊರೊಥಿ ಮಾರ್ಕ್‌ವಾಲ್ಡ್ ಮತ್ತು ಅವರ ತಂಡದ ಕೈಗೆ ಉಳಿದದ್ದು ಬಣ್ಣ ಒಂದೇ. ಅವರು ಅದನ್ನು ಚೆನ್ನಾಗಿಯೇ ಬಳಸಿದರು. ಆದರೂ ಯುದ್ಧನೌಕೆಯೊಳಗೆ ಕೂತಂತಿದೆ ಎಂಬ ಗೊಣಗಾಟ ತಪ್ಪಲಿಲ್ಲ. ಆ ಗೊಣಗಾಟ ಪೂರ್ತಿ ಸುಳ್ಳೂ ಅಲ್ಲ. ಹಡಗಿಗೆ ಸರ್ಕಾರದ ದುಡ್ಡು ಬಿದ್ದಿತ್ತು, ಯುದ್ಧ ಬಂದರೆ ಸೈನಿಕರನ್ನು ಸಾಗಿಸಲು ತಯಾರಾಗಿಯೇ ಕಟ್ಟಿದ್ದರು.

ಹೀಗೆ 'ತಣ್ಣಗಿದೆ' ಎಂಬ ದೂರು ಇಂದಿನ ಬೂದು ಬಣ್ಣಕ್ಕಿಂತ ತುಂಬಾ ಹಳೆಯದು. 1962ರ 'ಫ್ರಾನ್ಸ್' ಹಡಗಿಗೂ ಅದೇ ಮಾತು ಕೇಳಿಬಂತು. ಅಲ್ಯೂಮಿನಿಯಂ, ಫಾರ್ಮೈಕಾ ಜಾಸ್ತಿಯಾಯಿತು ಎಂದರು. ಮುಂದೆ ಅದೇ ಹಡಗು 'ನಾರ್ವೆ' ಆಗಿ ಕೆರಿಬಿಯನ್‌ನಲ್ಲಿ ಓಡಾಡಿ, ಜನರ ಅಚ್ಚುಮೆಚ್ಚಾಗಿ, ಕೊನೆಗೆ 'ಬ್ಲೂ ಲೇಡಿ' ಎಂಬ ಹೆಸರಿನಲ್ಲಿ 2006ರಲ್ಲಿ ಗುಜರಾತಿನ ಅಲಂಗ್ ದಡ ಸೇರಿತು. ಒಂದು ಕಾಲಕ್ಕೆ ತಣ್ಣಗಿದೆ ಎನಿಸಿಕೊಂಡ ಒಳಾಂಗಣಕ್ಕೆ ಹೊತ್ತು ಮುಗಿಯುವಾಗ ಜನ ಕಣ್ಣೀರಿಟ್ಟರು. ಅಭ್ಯಾಸವೂ ಬೆಚ್ಚಗಾಗಿಸುತ್ತದೆ ಅನ್ನಿಸುತ್ತದೆ.

ಎಂಬತ್ತರ ದಶಕದಲ್ಲಿ ಇದಕ್ಕೆ ಉಲ್ಟಾ ಗಾಳಿ ಬೀಸಿತು. ವಿಮಾನ ಬಂದು ಅಟ್ಲಾಂಟಿಕ್ ದಾಟುವ ಹಡಗುಗಳ ಹೊಟ್ಟೆಯ ಮೇಲೆ ಹೊಡೆದಿತ್ತು. ಹಡಗು ಈಗ ಸಾರಿಗೆಯಲ್ಲ, ಮೋಜು. ಮಯಾಮಿಯ ಜೋ ಫಾರ್ಕಸ್ ಕಾರ್ನಿವಲ್ ಕಂಪನಿಗೆ ಮಾಡಿದ ಹಡಗುಗಳಲ್ಲಿ ನಿಯಾನ್, ಕನ್ನಡಿ, ಹಿತ್ತಾಳೆ, ಕೆಂಪು, ನೇರಳೆ, ಒಂದೂ ಬಿಟ್ಟಿಲ್ಲ. 1990ರ 'ಫ್ಯಾಂಟಸಿ' ನೋಡಿದವರಿಗೆ ಗೊತ್ತು. ಅದನ್ನು ಬೆಚ್ಚಗೆ ಎನ್ನುವುದಕ್ಕಿಂತ ಬಿಸಿ ಎನ್ನುವುದು ವಾಸಿ. ಅದೇ ಹೊತ್ತಿಗೆ, 1988ರಲ್ಲಿ, ರಾಯಲ್ ಕೆರಿಬಿಯನ್ನಿನ 'ಸಾವರಿನ್ ಆಫ್ ದ ಸೀಸ್' ಹಡಗಿನ ನಡುವೆ ಹಲವು ಅಂತಸ್ತು ಎತ್ತರದ ಖಾಲಿ ಜಾಗ, ಗಾಜಿನ ಲಿಫ್ಟು ತಂದಿತು. ಹೋಟೆಲ್ ಲಾಬಿ ಸಮುದ್ರಕ್ಕಿಳಿಯಿತು. ಇಂದಿನ ಬೂದು, ಬಿಳಿ, ತಿಳಿ ಕಂದು ಬಣ್ಣಗಳನ್ನು ಆ ನಿಯಾನ್ ಮೇಲಿನ ಬೇಸರ ಎಂದೂ ಓದಬಹುದು.

ಅಷ್ಟರಲ್ಲಿ ಇನ್ನೊಂದು ಬೆಂಕಿ. 1990ರ ಏಪ್ರಿಲ್ 7ರಂದು ಓಸ್ಲೋದಿಂದ ಡೆನ್ಮಾರ್ಕಿಗೆ ಹೊರಟಿದ್ದ 'ಸ್ಕ್ಯಾಂಡಿನೇವಿಯನ್ ಸ್ಟಾರ್' ಫೆರಿ ಹಡಗಿನಲ್ಲಿ ಯಾರೋ ಬೇಕೆಂದೇ ಬೆಂಕಿ ಹಚ್ಚಿದರು. ಇದರಲ್ಲಿ ಮರದ ಕೆತ್ತನೆ ಇರಲಿಲ್ಲ. ಗೋಡೆಯ ಒಳಗಿನ ಹಲಗೆ ಉರಿಯುವಂಥದ್ದಲ್ಲ. ಉರಿದದ್ದು ಅದರ ಮೇಲೆ ಅಂದಕ್ಕೆಂದು ಅಂಟಿಸಿದ್ದ ತೆಳು ಲ್ಯಾಮಿನೇಟ್. ಅದರಿಂದ ಎದ್ದ ಹೊಗೆಯಲ್ಲಿ ಸಯನೈಡ್ ಅನಿಲ, ಕಾರ್ಬನ್ ಮೊನಾಕ್ಸೈಡ್ ಎರಡೂ ಇದ್ದವು. 159 ಜನ ಸತ್ತರು, ಹೆಚ್ಚಿನವರು ಆ ಹೊಗೆಯಿಂದಲೇ. ಗೋಡೆಯ ಮೇಲಿನ ಅಲಂಕಾರವೇ ಕೊಂದಿತು ಎಂದ ಮೇಲೆ ನಿಯಮ ಮಾಡುವವರು ಸುಮ್ನೆ ಕೂರುವಂತಿರಲಿಲ್ಲ.

ಸಮುದ್ರದಲ್ಲಿ ಜೀವರಕ್ಷಣೆಗೆ ಇರುವ ಅಂತರರಾಷ್ಟ್ರೀಯ ಒಪ್ಪಂದ ಸೋಲಾಸ್. ಅದು ಈಗ ಕ್ಯಾಬಿನ್, ಲಾಂಜುಗಳಲ್ಲಿ ಉರಿಯುವ ಅಲಂಕಾರ ಎಷ್ಟಿರಬಹುದು ಎಂದು ಲೆಕ್ಕ ಕಟ್ಟುತ್ತದೆ. ಒಂದು ಕೋಣೆಯ ಗೋಡೆ, ಚಾವಣಿಯ ಮೇಲೆಲ್ಲ 2.5 ಮಿ.ಮೀ. ದಪ್ಪದ ಮರದ ಪದರ ಹಾಸಿದರೆ ಎಷ್ಟು ಪ್ರಮಾಣವಾಗುತ್ತದೋ, ಉರಿಯುವ ಅಲಂಕಾರವೆಲ್ಲ ಸೇರಿ ಅದನ್ನು ಮೀರಬಾರದು, ಅಷ್ಟೇ. ಚೌಕಟ್ಟು, ಅಂಚುಪಟ್ಟಿ, ಕೆತ್ತನೆ ಎಲ್ಲವೂ ಅದರೊಳಗೇ ಬರಬೇಕು. ಅಂದರೆ ವಿನ್ಯಾಸಕಾರರ ಕೈಗೆ ಸಿಗುವ ಮರ ಒಂದು ರೊಟ್ಟಿಯಷ್ಟು ದಪ್ಪವೂ ಇಲ್ಲ. ಹಳೆಯ ಹಡಗುಗಳಿಗೆ ಹೊಸ ನಿಯಮಕ್ಕೆ ಹೊಂದಿಕೊಳ್ಳಲು ಕೊಟ್ಟ ಕೊನೆಯ ಗಡುವು 2010ರ ಅಕ್ಟೋಬರ್ 1. ಮರ ಕಿತ್ತು ಉಕ್ಕು ಹಾಕುವ ಖರ್ಚಿಗಿಂತ ಗುಜರಿಗೆ ಹಾಕುವುದೇ ಲೇಸು ಎಂದು ಹಲವು ಮಾಲೀಕರು ಲೆಕ್ಕ ಹಾಕಿದರು. ಅಲಂಗ್‌ಗೆ ಹೋಗುವ ರಸ್ತೆಯ ಬದಿಯಲ್ಲಿ ಹಡಗಿನ ಮೇಜು, ಕುರ್ಚಿ, ಕಪಾಟು ಮಾರುವ ಅಂಗಡಿಗಳ ಸಾಲೇ ಇದೆ. ಮರದ ಒಳಾಂಗಣ ಇಡೀ ಸಿಗಬೇಕೆಂದರೆ ಈಗ ಓಡದ ಹಡಗಿಗೇ ಹೋಗಬೇಕು. ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನಲ್ಲಿ ನಿಂತಿರುವ 'ಕ್ವೀನ್ ಮೇರಿ', ನೆದರ್‌ಲೆಂಡ್ಸ್‌ನಲ್ಲಿ ಹೋಟೆಲಾಗಿರುವ 1959ರ 'ರಾಟರ್‌ಡ್ಯಾಮ್'.

ಇಂದಿನ ಕ್ಯಾಬಿನ್ ಹಡಗಿನಲ್ಲಿ ಕಟ್ಟಿದ್ದೇ ಅಲ್ಲ. ಫಿನ್‌ಲೆಂಡಿನ ಪೀಕ್ಕಿಯೊದಂಥ ಊರಿನ ಕಾರ್ಖಾನೆಯಲ್ಲಿ ಗೋಡೆ, ಬಚ್ಚಲು, ವೈರಿಂಗ್ ಸಮೇತ ಪೆಟ್ಟಿಗೆಯಾಗಿ ತಯಾರಾಗುತ್ತದೆ. ಎರಡು ತೆಳು ಉಕ್ಕಿನ ತಗಡು, ನಡುವೆ ಕಲ್ಲುಣ್ಣೆ, ಅಂದರೆ ಕಲ್ಲು ಕರಗಿಸಿ ಎಳೆದ, ಉರಿಯದ ನಾರು. ಆ ಪೆಟ್ಟಿಗೆಯನ್ನು ಲಾರಿಯಲ್ಲಿ ತಂದು ಹಡಗಿನ ಬದಿಯಿಂದ ಒಳಕ್ಕೆ ತಳ್ಳುತ್ತಾರೆ. ಲಾಬಿಯ ಅಮೃತಶಿಲೆಯೂ ಹೀಗೇ. ಹಡಗಿನ ಮೇಲ್ಭಾಗ ಭಾರವಾದರೆ ಸಮತೋಲ ತಪ್ಪುತ್ತದೆ. ಹಾಗಾಗಿ ಕೆಲವೇ ಮಿ.ಮೀ. ಕಲ್ಲನ್ನು ಜೇನುಗೂಡಿನಂಥ ಅಲ್ಯೂಮಿನಿಯಂ ಹಲಗೆಗೆ ಅಂಟಿಸಿರುತ್ತಾರೆ.

ಇದೆಲ್ಲ ನಿಮ್ಮ ಕೈಗೆ ಗೊತ್ತಾಗುತ್ತದೆ. ಒಂದೇ ಕೋಣೆಯಲ್ಲಿರುವ ಮರ, ಉಕ್ಕು ಎರಡರ ಉಷ್ಣಾಂಶವೂ ಒಂದೇ. ಆದರೆ ಉಕ್ಕು ಶಾಖವನ್ನು ಮರಕ್ಕಿಂತ ನೂರಾರು ಪಟ್ಟು ಬೇಗ ಎಳೆದುಕೊಳ್ಳುತ್ತದೆ. ಕಣ್ಣಿಗೆ ಮರದ ಚಿತ್ರ ಕಂಡರೂ ಬೆರಳಿಗೆ ತಣ್ಣಗೇ ತಾಗುತ್ತದೆ. ಬಹಳ ಜನರ ದೂರು ಶುರುವಾಗುವುದು ಇಲ್ಲೇ ಎಂದು ನನ್ನ ಊಹೆ.

ಆದರೆ ಎಲ್ಲರ ಕೈಯಲ್ಲೂ ಇರುವುದು ಇದೇ ಸಾಮಗ್ರಿ. ಹಾಗಿದ್ದೂ ಒಂದು ಹಡಗು ಬೆಚ್ಚಗೆ, ಇನ್ನೊಂದು ತಣ್ಣಗೆ ಅನ್ನಿಸುವುದು ಯಾಕೆ? 2015ರ 'ವೈಕಿಂಗ್ ಸ್ಟಾರ್' ನೋಡಿ. ಅದೂ ತಿಳಿಬಣ್ಣದ್ದೇ, ಅಲಂಕಾರ ಕಡಿಮೆಯೇ. ಆದರೂ ಅದನ್ನು ತಣ್ಣಗಿದೆ ಎನ್ನುವವರು ಅಪರೂಪ. ಪುಸ್ತಕದ ಕಪಾಟುಗಳಿವೆ, ಕುರ್ಚಿಯ ಮೇಲೆ ಉಣ್ಣೆಯ ಹೊದಿಕೆ ಇದೆ, ಇಬ್ಬರೇ ಕೂತು ಮಾತಾಡುವ ಮೂಲೆಗಳಿವೆ. ಪ್ರಯಾಣಿಕರೂ 930 ಮಾತ್ರ. 'ಎಡ್ಜ್' ಹಡಗಿನಲ್ಲಿ ಅದರ ಮೂರು ಪಟ್ಟು ಜನ. ಅಷ್ಟು ಜನ ಹಾದುಹೋಗಬೇಕಾದ ಜಾಗ ದೊಡ್ಡದಿರಲೇಬೇಕು. ದೊಡ್ಡ ಜಾಗಕ್ಕೆ ಗಾಜು, ಕಲ್ಲಿನ ನೆಲ ಸೇರಿದರೆ ಸದ್ದು ಗೋಡೆಯಿಂದ ಗೋಡೆಗೆ ಬಡಿಯುತ್ತದೆ. ಪಕ್ಕದವರ ಮಾತು ಕೇಳಲು ಬಗ್ಗಬೇಕಾಗುತ್ತದೆ. ಬಣ್ಣವನ್ನು ಎಲ್ಲರೂ ಬೈಯುತ್ತಾರೆ. ನಾನಾದರೆ ಕಾರ್ಪೆಟ್ಟಿನ ಬಗ್ಗೆ ಮೊದಲು ಕೇಳುತ್ತೇನೆ. ಆಮೇಲೆ ದೀಪದ ಬಗ್ಗೆ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. 2700 ಕೆಲ್ವಿನ್‌ನ ಹಳದಿ ಬೆಳಕಿಗೆ ಬೂದು ಗೋಡೆಯೂ ಮೃದುವಾಗುತ್ತದೆ, 4000 ಕೆಲ್ವಿನ್‌ನ ಬಿಳಿ ಬೆಳಕಿಗೆ ಕೆಂಪು ಸೋಫಾ ಕೂಡ ಸೋಲುತ್ತದೆ.

ಈ ಚರ್ಚೆಯಲ್ಲಿ ಸೇರದ ಅರ್ಧ ಹಡಗೊಂದಿದೆ. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳಲ್ಲಿ ಶಿಪ್ಪಿನಲ್ಲಿ ಕೆಲಸಕ್ಕಿರುವವರು ಒಬ್ಬರಾದರೂ ಸಿಗುತ್ತಾರೆ. ಅವರನ್ನು ಕೇಳಿ. ಸಿಬ್ಬಂದಿಗೆ ಮಾತ್ರ ಎಂದು ಬರೆದ ಬಾಗಿಲು ತಳ್ಳಿದರೆ ಕಾರ್ಪೆಟ್ ಅಲ್ಲಿಗೇ ನಿಲ್ಲುತ್ತದೆ. ಆಚೆ ಬಣ್ಣ ಬಳಿದ ಬರಿ ಉಕ್ಕಿನ ಗೋಡೆ, ತಲೆಯ ಮೇಲೆ ಪೈಪು, ವೈರು, ಟ್ಯೂಬ್‌ಲೈಟು. ಹಡಗಿನ ಉದ್ದಕ್ಕೂ ಓಡುವ ಈ ಓಣಿಗೆ ಅಮೆರಿಕದ ಹೆದ್ದಾರಿಯ ಹೆಸರಿಟ್ಟು 'ಐ-95' ಎಂದು ಕರೆಯುವುದು ಹಲವು ಹಡಗುಗಳಲ್ಲಿ ರೂಢಿ. ಊಟದ ತಳ್ಳುಗಾಡಿ, ಬಟ್ಟೆಯ ಗಂಟು, ಕಸ, ಪಾಳಿ ಬದಲಾಯಿಸುವ ಜನ ಎಲ್ಲ ಅಲ್ಲೇ. ಕಡಲ ಕೆಲಸಗಾರರ ಒಪ್ಪಂದ ಎಂಬುದು 2013ರಲ್ಲಿ ಜಾರಿಗೆ ಬಂತು, ಭಾರತ 2015ರಲ್ಲಿ ಅದನ್ನು ಅನುಮೋದಿಸಿತು. ಹೊಸ ಹಡಗಿನಲ್ಲಿ ಸಿಬ್ಬಂದಿ ಇರುವ ಜಾಗದ ಚಾವಣಿ ಕನಿಷ್ಠ 203 ಸೆಂ.ಮೀ. ಎತ್ತರ ಇರಬೇಕು, ಗಾಳಿ ಬೆಳಕು ಸಾಕಷ್ಟಿರಬೇಕು, ಸದ್ದು ಹದ್ದುಮೀರಬಾರದು ಎಂದು ಅದರಲ್ಲಿದೆ. ಕೆಲ್ಲಿ ಹಾಪನ್ ಅವರ ಕ್ಯಾಬಿನ್ನಿನಲ್ಲಿ ಹಾಸಿಗೆ ಸರಿಮಾಡುವವರು ಪಾಳಿ ಮುಗಿಸಿ ಮಲಗಲು ಹೋಗುವುದು ಈ ಅಳತೆಯ ಕೋಣೆಗೆ, ಬಹಳ ಸಲ ಇನ್ನೊಬ್ಬರ ಜೊತೆ ಹಂಚಿಕೊಂಡು.