ಗೋಡೆಗೆ ಕೈ ಹಚ್ಚುವ ಮೊದಲು ನೀರಿನ ದಾರಿ ಹುಡುಕಿ

ಪಾಳುಬಿದ್ದ ಹಳೆಯ ಕಟ್ಟಡವನ್ನು ಉಳಿಸಲು ಸ್ವಯಂಸೇವಕರ ತಂಡ ಹೊರಟಾಗ ಎಲ್ಲರ ಕಣ್ಣು ಮೊದಲು ಬೀಳುವುದು ಗೋಡೆಯ ಮೇಲೆ. ಉಬ್ಬಿದ ಗಾರೆ, ಬಿಳಿ ಉಪ್ಪು, ಕಪ್ಪು ಬೂಷ್ಟು ಕಂಡೊಡನೆ ಕೆರೆದು, ಸಿಮೆಂಟ್ ಮೆತ್ತಿ, ಬಣ್ಣ ಹೊಡೆಯುವ ಆತುರ. ಮೈಸೂರಿನಲ್ಲಾಗಲಿ ಶ್ರೀರಂಗಪಟ್ಟಣದಲ್ಲಾಗಲಿ, ನಾನು ಮೊದಲು ನೋಡುವುದು ಮಾಳಿಗೆಯನ್ನು ಮತ್ತು ಗೋಡೆಯ ಬುಡವನ್ನು. ತೇವದ ಮೂಲ ಬಹುಪಾಲು ಅಲ್ಲೇ ಇರುತ್ತದೆ.

ನಮ್ಮ ಕಡೆಯ ಹಳೆಯ ಕಟ್ಟಡಗಳಲ್ಲಿ ಮದ್ರಾಸ್ ತಾರಸಿ ಸಾಮಾನ್ಯ. ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟಿ, ಅದರ ಮೇಲೆ ಸುಣ್ಣ ಬೆರೆಸಿದ ಇಟ್ಟಿಗೆ ಜಲ್ಲಿಯನ್ನು ಬಡಿದು ಕೂರಿಸಿರುತ್ತಾರೆ. ನೀರು ಹೋಗುವ ಕಂಡಿಯಲ್ಲಿ ತರಗೆಲೆ ತುಂಬಿದರೆ ಸಾಕು, ನಿಂತ ನೀರು ಮೆಲ್ಲಗೆ ಇಳಿಯತೊಡಗುತ್ತದೆ. ಮೊದಲು ಕೊಳೆಯುವುದು ಗೋಡೆಯೊಳಗೆ ಹುದುಗಿರುವ ತೊಲೆಯ ತುದಿ. ನಡುವೆ ತೊಲೆ ಕಬ್ಬಿಣದಂತೆ ಗಟ್ಟಿಯಾಗಿದ್ದರೂ ಗೋಡೆಗೆ ತಾಗುವಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಸಲೀಸಾಗಿ ಒಳಗಿಳಿಯುತ್ತದೆ, ಹೊರತೆಗೆದಾಗ ಕಂದು ಪುಡಿ ಉದುರುತ್ತದೆ. ಹಾಗಾದರೆ ಮಾಳಿಗೆಗೆ ಯಾರೂ ಹತ್ತಕೂಡದು, ಕೆಳಗೂ ನಿಲ್ಲಕೂಡದು. ಆಸರೆ ಕೊಡಿಸಿ ಎಂಜಿನಿಯರನ್ನು ಕರೆಸಬೇಕು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. ಅದೇ ಊರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದದ್ದೂ 2016ರ ಆಗಸ್ಟ್‌ನಲ್ಲೇ. ಮಳೆಗಾಲದಲ್ಲಿ ಇಂಥ ಸೂರಿನಡಿ ಹುಡುಗರನ್ನು ಕೆಲಸಕ್ಕೆ ಹಚ್ಚಲು ನಾನು ಒಪ್ಪುವುದಿಲ್ಲ.

ಬುಡದ ಕಥೆ ಬೇರೆ. ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆ ಏರಿದಂತೆ ಕಟ್ಟಡದ ಜಗಲಿ ನೆಲದೊಳಗೆ ಹೂತುಹೋಗುತ್ತದೆ. ಮಣ್ಣಿನ ತೇವವನ್ನು ಇಟ್ಟಿಗೆ ಮೇಲಕ್ಕೆ ಹೀರುತ್ತದೆ. ಸುಣ್ಣದ ಗಾರೆ ಇದ್ದರೆ ಆ ತೇವ ಗಾಳಿಗೆ ಆರಿಹೋಗುತ್ತದೆ. ಮೇಲೆ ಸಿಮೆಂಟ್ ಮೆತ್ತಿದರೆ ದಾರಿ ಕಟ್ಟಿಹೋಗಿ ನೀರು ಇನ್ನೂ ಮೇಲೇರುತ್ತದೆ, ಅದರೊಡನೆ ಬಂದ ಲವಣ ಒಳಗೇ ಹರಳುಗಟ್ಟಿ ಇಟ್ಟಿಗೆಯನ್ನು ಸಿಡಿಸುತ್ತದೆ. ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದಲ್ಲಿ ಸಿಮೆಂಟ್ ಆಗಲೇ ಇಟ್ಟಿಗೆಯನ್ನು ಬಿಟ್ಟಿದೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಇಂಥ ರಿಪೇರಿ, ಹತ್ತಾರು ವರ್ಷಗಳ ಅಲಕ್ಷ್ಯಕ್ಕಿಂತ ಹೆಚ್ಚು ಹಾನಿ ಮಾಡಿರುವುದನ್ನು ಕಂಡು ಸಂಕಟಪಟ್ಟಿದ್ದೇನೆ.

ಹಾಗಾದರೆ ಸ್ವಯಂಸೇವಕರಿಗೆ ಕೆಲಸವೇ ಇಲ್ಲವೇ? ಬೇಕಾದಷ್ಟಿದೆ. ಕಂಡಿ, ಕೊಳವೆ, ಚರಂಡಿಗಳ ಹೂಳು ತೆಗೆಯುವುದು, ಗೋಡೆಗೆ ಒರಗಿದ ಮಣ್ಣು ಮತ್ತು ಕಸ ಸರಿಸುವುದು, ಕಿಟಕಿ ತೆರೆದು ಗಾಳಿಯಾಡಿಸುವುದು, ಬಿರುಕುಗಳ ಫೋಟೊ ತೆಗೆದು ದಿನಾಂಕ ಬರೆದಿಡುವುದು. ಬಿರುಕಿನಲ್ಲಿ ಹುಟ್ಟಿದ ಅರಳಿ ಗಿಡವನ್ನು ಮಾತ್ರ ಎಳೆದು ಕೀಳಬೇಡಿ. ಬೇರಿನ ಜೊತೆ ಇಟ್ಟಿಗೆಯೂ ಬರುತ್ತದೆ. ಕತ್ತರಿಸಿ, ಬೇರು ಸತ್ತ ಮೇಲೆ ಗಾರೆ ಕೆಲಸದವರಿಂದ ಬಿಡಿಸಿ. ಕಟ್ಟಡ ಸಂರಕ್ಷಿತ ಸ್ಮಾರಕವಾಗಿದ್ದರೆ ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಒಂದು ಇಟ್ಟಿಗೆಯನ್ನೂ ಮುಟ್ಟುವಂತಿಲ್ಲ.

ಗಾರೆ ಹಾಕುವುದು ಕೊನೆಯ ಕೆಲಸ, ಅದೂ ಗೋಡೆ ಆರಿದ ಮೇಲೆ. ದಪ್ಪ ಗೋಡೆ ಆರಲು ತಿಂಗಳುಗಳೇ ಬೇಕು. ಸುಟ್ಟ ಸುಣ್ಣವನ್ನು ನೀರು ಹಾಕಿ ಅರಳಿಸುವಾಗ ಅದು ಕೊತಕೊತ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಕನ್ನಡಕ, ಕೈಗವಸು ಇಲ್ಲದವರನ್ನು ಹತ್ತಿರ ಬಿಡಬೇಡಿ. ಗುಂಡಿಯಲ್ಲಿ ವಾರಗಟ್ಟಲೆ ನೆನೆದ ಸುಣ್ಣಕ್ಕೆ ಮರಳು, ಇಟ್ಟಿಗೆ ಪುಡಿ ಬೆರೆಸಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಹಾಕಿ ಅರೆಯುವುದು ಹಳಬರ ಪದ್ಧತಿ. ತೆಳುವಾಗಿ ಪದರ ಪದರವಾಗಿ ಹಚ್ಚಿ, ಒದ್ದೆ ಗೋಣಿತಾಟು ಹೊದಿಸಿ ನಿಧಾನವಾಗಿ ಬಲಿಯಲು ಬಿಡಬೇಕು. ಈ ಕೈಚಳಕ ಗೊತ್ತಿರುವ ಹಿರಿಯ ಮೇಸ್ತ್ರಿಗಳು ನಮ್ಮಲ್ಲಿ ಇನ್ನೂ ಇದ್ದಾರೆ. ಸಂಗ್ರಹಿಸಿದ ಹಣದಲ್ಲಿ ಬಣ್ಣಕ್ಕೆಂದು ಎತ್ತಿಟ್ಟದ್ದನ್ನು ಅವರ ಕೂಲಿಗೆ ಕೊಡಿ, ತಂಡದ ಇಬ್ಬರನ್ನು ಅವರ ಪಕ್ಕದಲ್ಲಿ ಕಲಿಯಲು ಕೂರಿಸಿ.