ಜವೆಗೋಧಿ ಮೊನೆಯ ಕಡ್ಡಿ

ಸೆಕೆಯೂ ಚಳಿಯೂ ಅತಿಯಾಗಿರದ ಒಂದು ದಿನ. ರೋಗಿಯನ್ನು ಕೂರಿಸಿ, ಅಲುಗದಂತೆ ಹಿಡಿದುಕೊಂಡಿದ್ದಾರೆ. ‘ನಿನ್ನ ಮೂಗನ್ನೇ ನೋಡುತ್ತಿರು’ ಎನ್ನುತ್ತಾನೆ ವೈದ್ಯ. ಎಡಗಣ್ಣಾದರೆ ಬಲಗೈಯಲ್ಲಿ, ಬಲಗಣ್ಣಾದರೆ ಎಡಗೈಯಲ್ಲಿ ಅವನು ಹಿಡಿದಿರುವುದು ಎಂಟು ಅಂಗುಲ ಉದ್ದದ ಕಡ್ಡಿ. ಅದರ ನಡುವೆ ದಾರ ಸುತ್ತಿದೆ, ಮೊನೆ ಜವೆಗೋಧಿಯ ಕಾಳಿನ ಹಾಗಿದೆ. ಕರಿಗುಡ್ಡೆಯಿಂದ ಆಚೆ, ಕಣ್ಣಿನ ಹೊರಮೂಲೆಯ ಕಡೆಗೆ, ರಕ್ತನಾಳಗಳನ್ನು ತಪ್ಪಿಸಿ ಬಿಳಿಭಾಗದಲ್ಲಿ ಚುಚ್ಚುತ್ತಾನೆ. ಜಾಗ ಸರಿಯಾಗಿದ್ದರೆ ಸಣ್ಣದೊಂದು ಸದ್ದು ಕೇಳಬೇಕು, ಒಂದು ಹನಿ ನೀರು ಬರಬೇಕು. ಕೂಡಲೇ ತಾಯಿಹಾಲು ಹನಿಸುತ್ತಾರೆ. ಕಡ್ಡಿಯಿಂದ ಒಳಗಿನ ಪೊರೆಯನ್ನು ಕೆರೆದು ಸರಿಸಿದ ಮೇಲೆ, ಒಂದು ಹೊಳ್ಳೆ ಮುಚ್ಚಿ ಇನ್ನೊಂದರಿಂದ ಜೋರಾಗಿ ಉಸಿರು ಬಿಡು ಅನ್ನುತ್ತಾರೆ. ಎದುರಿನ ಆಕಾರಗಳು ಕಾಣತೊಡಗಿದಾಗ ಕಡ್ಡಿಯನ್ನು ಮೆಲ್ಲನೆ ಹೊರಗೆಳೆದು, ಕಣ್ಣಿಗೆ ತುಪ್ಪ ಸವರಿ ಬಟ್ಟೆ ಕಟ್ಟುತ್ತಾರೆ.

ಇದು ಸುಶ್ರುತ ಸಂಹಿತೆಯ ಕೊನೆಯ ಭಾಗವಾದ ಉತ್ತರತಂತ್ರದ 17ನೆಯ ಅಧ್ಯಾಯದಲ್ಲಿರುವ ವಿವರ. ಆ ಕಡ್ಡಿಯೇ ಶಲಾಕೆ. ಕಣ್ಣು, ಕಿವಿ, ಮೂಗು, ಬಾಯಿ, ಗಂಟಲುಗಳ ಚಿಕಿತ್ಸೆಗೆ ಆಯುರ್ವೇದದಲ್ಲಿ ಶಾಲಾಕ್ಯ ತಂತ್ರ ಎಂಬ ಹೆಸರು ಬಂದದ್ದು ಅದರಿಂದಲೇ.

ಕಣ್ಣಿನೊಳಗೆ ನಿಜವಾಗಿ ಆಗುತ್ತಿದ್ದದ್ದೇನು? ಪಾಪೆಯ ಹಿಂದೆ ತೆಳುವಾದ ಎಳೆಗಳಿಂದ ತೂಗಿಕೊಂಡ ಮಸೂರವೊಂದಿದೆ. ವಯಸ್ಸಾದಂತೆ ಅದು ಮಬ್ಬಾಗುವುದನ್ನೇ ನಾವು ಪೊರೆ ಬಂತು ಎನ್ನುವುದು. ಕಡ್ಡಿ ತಗುಲಿ ಎಳೆಗಳು ಹರಿದರೆ ಮಸೂರ ಜಾರಿ ಕಣ್ಣಿನ ಒಳಗಿನ ಲೋಳೆಗೆ ಬೀಳುತ್ತದೆ. ದಾರಿ ತೆರೆದು ಬೆಳಕು ಒಳಗೆ ಹೋಗುತ್ತದೆ. ಆದರೆ ಬೆಳಕನ್ನು ಒಂದೆಡೆ ಸೇರಿಸಲು ಮಸೂರವೇ ಇಲ್ಲವಾದ್ದರಿಂದ ಕಾಣುವುದು ಮಸುಕು ಮಸುಕಾದ ಆಕಾರ ಮಾತ್ರ. ಪಾಪೆಯಲ್ಲಿ ಮಬ್ಬಾಗಿ ಕಂಡಿದ್ದು ಕಫ, ಅದು ಮೂಗಿನಿಂದ ಹೊರಗೆ ಹೋಗುತ್ತದೆ ಎಂದು ಆ ಕಾಲದ ವೈದ್ಯರು ನಂಬಿದ್ದರು. ಆ ವಿವರಣೆ ತಪ್ಪು. ಆದರೆ ಅವರ ಕೈ ಮುಟ್ಟಿದ ಜಾಗ ಸರಿಯಾಗಿತ್ತು. ಆಮೇಲೆ ಅಂಗಾತ ಮಲಗಿರಬೇಕು, ಸೀನಬಾರದು, ಕೆಮ್ಮಬಾರದು, ತೇಗಬಾರದು ಎಂಬ ಪಥ್ಯವೂ ಸರಿ. ಇವತ್ತಿನ ಶಸ್ತ್ರವೈದ್ಯರೂ ಕಣ್ಣಿಗೆ ಒತ್ತಡ ಬೀಳದಂತೆ ನೋಡಿಕೊಳ್ಳಿ ಎಂದು ಹೇಳಿಯೇ ಕಳಿಸುತ್ತಾರೆ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಮಾತ್ರ ಈ ಶಸ್ತ್ರಕ್ರಿಯೆ ಅಲ್ಲ. ಉತ್ತರತಂತ್ರದ ಮೊದಲ 26 ಅಧ್ಯಾಯಗಳು ಕಣ್ಣು, ಕಿವಿ, ಮೂಗು, ತಲೆಯ ರೋಗಗಳಿಗೇ ಮೀಸಲು. ಕಣ್ಣಿನ ರೋಗಗಳೇ 76. ಅವುಗಳಲ್ಲಿ ಕತ್ತರಿಸಿ ತೆಗೆಯಬೇಕಾದವು 11, ಕೆರೆಯಬೇಕಾದವು 9, ಸೀಳಬೇಕಾದವು 5, ರಕ್ತನಾಳ ಚುಚ್ಚಬೇಕಾದವು 15. ಶಸ್ತ್ರ ಮುಟ್ಟಿಸಲೇಬಾರದವು 12. ಗುಣವಾಗದೆ ಹತೋಟಿಯಲ್ಲಷ್ಟೇ ಇಡಬಹುದಾದವು 7. ಅಸಾಧ್ಯ ಎಂದು ಕೈಬಿಟ್ಟವು 15. ಪೆಟ್ಟಿನಂಥ ಹೊರಗಿನ ಕಾರಣದಿಂದ ಬರುವ ಇನ್ನೆರಡು ಬೇರೆ. ತನ್ನಿಂದ ಆಗದ್ದನ್ನು ಲೆಕ್ಕ ಹಾಕಿ ಬರೆದಿಟ್ಟ ವೈದ್ಯಶಾಸ್ತ್ರ ಇದು.

ಪೊರೆಗಳಲ್ಲೂ ಹೀಗೇ. ಎಲ್ಲವನ್ನೂ ಚುಚ್ಚುವಂತಿಲ್ಲ. ಅರ್ಧಚಂದ್ರದಂತಿದ್ದರೆ, ಬೆವರಹನಿಯಂತೆ, ಮುತ್ತಿನಂತೆ ಕಂಡರೆ, ನಡುವೆ ತೆಳುವಾಗಿದ್ದರೆ, ಗೆರೆಗೆರೆಯಾಗಿದ್ದರೆ, ಕಣ್ಣು ನೋಯುತ್ತಿದ್ದರೆ, ಕೆಂಪಾಗಿದ್ದರೆ ಶಲಾಕೆ ಹಿಡಿಯಬಾರದು. ಇವತ್ತಿನ ತಿಳಿವಳಿಕೆಯಲ್ಲಿ ನೋವು ಮತ್ತು ಕೆಂಪು ಎಂದರೆ ಒಳಗೆ ಉರಿಯೂತವೋ ಏರಿದ ಒತ್ತಡವೋ ಇರಬಹುದು. ಅಂಥ ಕಣ್ಣನ್ನು ಚುಚ್ಚಿದರೆ ಉಳಿದಿದ್ದೂ ಹೋಗುತ್ತದೆ. ಯಂತ್ರವಿಲ್ಲದೆ, ಬರಿಗಣ್ಣಿನಿಂದ ನೋಡಿ ಇಷ್ಟನ್ನು ಬೇರ್ಪಡಿಸಿದ್ದರಲ್ಲ!

ಇನ್ನೊಂದು ನಿದರ್ಶನ ಇರುಳುಗಣ್ಣಿನದು. ಹೊತ್ತು ಮುಳುಗಿದ ಮೇಲೆ ಕಾಣದವರಿಗೆ ಹಿಪ್ಪಲಿ ಸೇರಿಸಿದ ಆಡಿನ ಪಿತ್ತಜನಕಾಂಗ ತಿನ್ನಿಸಲು ಅದೇ 17ನೆಯ ಅಧ್ಯಾಯ ಹೇಳುತ್ತದೆ. ಪಿತ್ತಜನಕಾಂಗದಲ್ಲಿ ವಿಟಮಿನ್ ಎ ತುಂಬಿದೆ, ಮಂದ ಬೆಳಕಿನಲ್ಲಿ ನೋಡಲು ಬೇಕಾದ ವರ್ಣಕ ತಯಾರಾಗುವುದು ಅದರಿಂದಲೇ ಎಂಬುದು 20ನೆಯ ಶತಮಾನದಲ್ಲಿ ತಿಳಿದ ಸಂಗತಿ.

ಹಾಗೆಂದು ಶಲಾಕೆಯನ್ನು ಮತ್ತೆ ಕೈಗೆತ್ತಿಕೊಳ್ಳುವಂತಿಲ್ಲ. ಒಳಗೆ ಬಿದ್ದ ಮಸೂರ ಅಲ್ಲೇ ಉಳಿದು ಎಷ್ಟೋ ಸಲ ಉರಿಯೂತ, ಒತ್ತಡ ತರುತ್ತಿತ್ತು. ಸೋಂಕಿನಿಂದ ಎಷ್ಟೋ ಕಣ್ಣು ಹೋಗುತ್ತಿದ್ದವು. ಮದ್ರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿದ್ದ ರಾಬರ್ಟ್ ಹೆನ್ರಿ ಎಲಿಯಟ್, ಹೀಗೆ ಪೊರೆ ಚುಚ್ಚುತ್ತ ಊರೂರು ತಿರುಗುತ್ತಿದ್ದವರ ಕೈಗೆ ಸಿಕ್ಕಿ ಹಾಳಾಗಿ ಬಂದ ಕಣ್ಣುಗಳನ್ನು ಕಳೆದ ಶತಮಾನದ ಆರಂಭದಲ್ಲಿ ವಿವರವಾಗಿ ದಾಖಲಿಸಿದ. ಅಷ್ಟರಲ್ಲಿ ವಿಧಾನವೇ ಬೇರೆಯಾಗಿತ್ತು: 1747ರಲ್ಲಿ ಫ್ರಾನ್ಸಿನ ಜಾಕ್ ದವಿಯೆಲ್ ಪೊರೆಯನ್ನು ಒಳಗೆ ತಳ್ಳದೆ ಹೊರಗೆ ತೆಗೆದಿದ್ದ. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಅದರ ಜಾಗದಲ್ಲಿ ಕೃತಕ ಮಸೂರ ಕೂರಿಸಿದ. ನಮ್ಮಲ್ಲಿ ಡಾ. ಎಂ. ಸಿ. ಮೋದಿಯವರು ಹಳ್ಳಿಹಳ್ಳಿಗೆ ಹೋಗಿ ಶಿಬಿರ ಹೂಡಿ ಪೊರೆ ತೆಗೆದದ್ದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ.

ಶಾಲಾಕ್ಯದ ಚೂರುಗಳು ಮನೆಮದ್ದಾಗಿ ಉಳಿದಿವೆ. ಬೆಚ್ಚನೆ ನೀರಿನಲ್ಲಿ ಬಾಯಿ ಮುಕ್ಕಳಿಸುವುದು ಒಳ್ಳೆಯದೇ. ಮುಚ್ಚಿದ ರೆಪ್ಪೆಯ ಮೇಲೆ ನಂದಿಬಟ್ಟಲು ಹೂವಿಟ್ಟರೆ ತಂಪು. ಆದರೆ ಅದರ ರಸವನ್ನು ಕಣ್ಣೊಳಗೆ ಹಿಂಡಿದರೆ ಸೋಂಕಿನ ಭಯ. ತಮಟೆ ತೂತಾಗಿ ಸೋರುವ ಕಿವಿಗೆ ಬೆಳ್ಳುಳ್ಳಿ ಎಣ್ಣೆ ಬಿಡಲೇಬಾರದು. ಹಸುಗೂಸಿನ ಮೂಗಿಗೆ ಹರಳೆಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುವುದುಂಟು. ಇದನ್ನು ಅಜ್ಜಿಯರಿಗೆ ಬೇಸರವಾಗದಂತೆ ಹೇಳುವುದು ಕಷ್ಟ, ಆದರೂ ಹೇಳಲೇಬೇಕು.

2020ರ ನವೆಂಬರಿನಲ್ಲಿ ಕೇಂದ್ರದ ಅಧಿಸೂಚನೆಯೊಂದು ಆಯುರ್ವೇದ ಸ್ನಾತಕೋತ್ತರ ವಿದ್ಯಾರ್ಥಿಗಳು ಕಲಿಯಬೇಕಾದ 58 ಶಸ್ತ್ರಕ್ರಿಯೆಗಳನ್ನು ಪಟ್ಟಿ ಮಾಡಿತು. ಪೊರೆ ತೆಗೆಯುವುದೂ ಅದರಲ್ಲಿತ್ತು. ಆಧುನಿಕ ವೈದ್ಯರು ಪ್ರತಿಭಟಿಸಿದರು. ಪದವಿಯ ಹೆಸರು ಯಾವುದಾದರೂ ಇರಲಿ, ಎಷ್ಟು ಕಣ್ಣುಗಳ ಮೇಲೆ, ಯಾರ ಕೈಕೆಳಗೆ ಕಲಿತರು ಎಂಬುದೇ ನನಗೆ ಮುಖ್ಯ.

ಊರ ಕಡೆ ಈಗಲೂ ಒಂದು ಮಾತು ಕೇಳುತ್ತಿರುತ್ತೇನೆ: ‘ಪೊರೆ ಇನ್ನೂ ಹಣ್ಣಾಗಿಲ್ಲ, ಆಗಲಿ ತಡಿ.’ ಪೊರೆ ಗಟ್ಟಿಯಾಗುವವರೆಗೆ ಕಾಯಬೇಕಿದ್ದ ಹಳೆಯ ಶಸ್ತ್ರಕ್ರಿಯೆಗಳ ಕಾಲದ ಮಾತದು. ಇಂದು ಅತಿವೇಗದ ಕಂಪನದಿಂದ ಮಸೂರವನ್ನು ಒಳಗೇ ಪುಡಿಮಾಡಿ, ಮೂರು ಮಿಲಿಮೀಟರಿನಷ್ಟು ಸೀಳಿನಿಂದ ಹೀರಿ ತೆಗೆಯುತ್ತಾರೆ, ಮೆತ್ತಗಿದ್ದಷ್ಟೂ ಸುಲಭ. ಕಾದರೆ ಕೆಲವೊಮ್ಮೆ ಮಸೂರ ಊದಿಕೊಂಡು ಕಣ್ಣಿನ ಒತ್ತಡ ಏರುತ್ತದೆ. ಹಾಗೆ ನೋವಿನಿಂದ ಕೆಂಪಾದ ಕಣ್ಣಿಗೆ ಅಂದೇ ವೈದ್ಯರು ಬೇಕು.