ಅಡ್ಡಹೆಸರಿಗೆ ಜಾಗವಿಲ್ಲದ ಟೇಬಲ್

ಬ್ಯಾಡಗಿಯ ಒಂದು ದಲಾಲಿ ಅಂಗಡಿಗೆ ಹುಬ್ಬಳ್ಳಿಯ ನಾವು ಮೂವರು ಸೇರಿ ವೆಬ್ ಆ್ಯಪ್ ಮಾಡುತ್ತಿದ್ದೆವು. ರೈತರು ಲಾಗಿನ್ ಆಗಿ ತಮ್ಮ ಮೆಣಸಿನಕಾಯಿ ಎಷ್ಟು ತೂಗಿತು, ಯಾವ ರೇಟಿಗೆ ಹೋಯಿತು, ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಆಯಿತೋ ಇಲ್ಲವೋ ನೋಡಬೇಕು. ಅಷ್ಟೇ ಕೆಲಸ. ನೋಂದಣಿ ಫಾರ್ಮ್ ತೋರಿಸಿದ ದಿನ ಅಂಗಡಿಯ ಸಾವಕಾರರು ಕೇಳಿದರು: ‘ತಮ್ಮಾ, ನಮ್ಮ ರೈತರ ಹತ್ರ ಈಮೇಲ್ ಎಲ್ಲೈತಿ? ಮತ್ತ ಹೆಸರಿಗೆ ಎರಡ ಖಾನೆ ಯಾಕ? ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಬೇಕಲ್ಲ. ಇಲ್ಲಾಂದ್ರ ಬಸಪ್ಪ ಅಂದ್ರ ಯಾವ ಬಸಪ್ಪ?’

ನಮ್ಮ ಕಡೆ ಅಡ್ಡಹೆಸರು ಅಂದರೆ ಮನೆತನದ ಹೆಸರು. ಆ ಎರಡು ಖಾನೆ ನಾವು ಇಟ್ಟದ್ದಲ್ಲ. ವೆಬ್ ಆ್ಯಪ್ ಕಟ್ಟಲು ನಾವು ಬಳಸಿದ ಜ್ಯಾಂಗೋ ಎಂಬ ಸಿದ್ಧ ಚೌಕಟ್ಟಿನ ಜೊತೆಗೇ ಬಂದದ್ದು.

ಇದರ ಮೂಲ ಸ್ವಲ್ಪ ಹಿಂದಿದೆ. ಮೊದಲು ಲಾಗಿನ್ ಹೇಗೆ ನಡೆಯುತ್ತದೆ ನೋಡೋಣ. ವೆಬ್‌ಗೆ ಮೊದಲು ನೆನಪೇ ಇರಲಿಲ್ಲ. ಕೇಳಿದ ಪುಟ ಕೊಡುತ್ತಿತ್ತು, ಕೊಟ್ಟ ಕೂಡಲೇ ಕೇಳಿದವರನ್ನು ಮರೆಯುತ್ತಿತ್ತು. 1994ರಲ್ಲಿ ಬ್ರೌಸರ್ ಮಾಡುತ್ತಿದ್ದ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಅದಕ್ಕೆ ಕುಕೀ ಎಂಬ ಉಪಾಯ ಹುಡುಕಿದರು: ಬ್ರೌಸರ್ ಕೈಗೆ ಒಂದು ಸಣ್ಣ ಗುರುತು ಕೊಟ್ಟಿಡುವುದು. ಮಠದ ಮುಂದೆ ಚಪ್ಪಲಿ ಬಿಟ್ಟು ಟೋಕನ್ ತಗೊಳ್ತೀವಲ್ವಾ, ಹಾಗೆ. ಟೋಕನ್ ಮೇಲೆ ಬರೀ ನಂಬರ್ ಇರುತ್ತದೆ, ಚಪ್ಪಲಿ ಒಳಗಿರುತ್ತದೆ. ಜ್ಯಾಂಗೋ ಕೊಡುವ ಟೋಕನ್ 32 ಅಕ್ಷರದ್ದು. ನಾವು ಏನೂ ಬದಲಿಸದಿದ್ದರೆ ಎರಡು ವಾರ ನಡೆಯುತ್ತದೆ. ಪ್ರತಿ ಸಲ ಪುಟ ಕೇಳಿದಾಗ ಸರ್ವರ್ ಆ ಟೋಕನ್ ನೋಡಿ, ಸೆಷನ್ (ಆ ಟೋಕನ್ ಹೆಸರಿನಲ್ಲಿ ಒಳಗಿಟ್ಟ ಮಾಹಿತಿ) ತೆಗೆದು, ಯೂಸರ್ ಯಾರೆಂದು ಕಂಡುಹಿಡಿದು, ‘ರಿಕ್ವೆಸ್ಟ್.ಯೂಸರ್’ ಎಂದು ನಮ್ಮ ಕೈಗೆ ಕೊಡುತ್ತದೆ. ಲಾಗಿನ್ ಆಗದವರಾದರೆ ‘ಅನಾನಿಮಸ್ ಯೂಸರ್’ ಎಂಬ ಖಾಲಿ ಮನುಷ್ಯ ಬರುತ್ತಾನೆ.

ಇಲ್ಲಿಯವರೆಗೆ ತಕರಾರಿಲ್ಲ. ತಕರಾರು ಇರುವುದು ಯೂಸರ್ ಟೇಬಲ್ಲಿನಲ್ಲಿ, ಅಂದರೆ ಯೂಸರ್‌ಗಳ ವಿವರ ಇಡುವ ಕೋಷ್ಟಕದಲ್ಲಿ. ಜ್ಯಾಂಗೋ ಹುಟ್ಟಿದ್ದು 2003ರಲ್ಲಿ, ಅಮೆರಿಕದ ಕ್ಯಾನ್ಸಸ್ ರಾಜ್ಯದ ಒಂದು ಪತ್ರಿಕೆಯ ಕಚೇರಿಯಲ್ಲಿ. 2005ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಯೂಸರ್ ಟೇಬಲ್ಲಿನ ಮುಖ್ಯ ಖಾನೆಗಳು ಇವು: ಯೂಸರ್‌ನೇಮ್, ಪಾಸ್‌ವರ್ಡ್, ಈಮೇಲ್, ಮೊದಲ ಹೆಸರು, ಕೊನೆಯ ಹೆಸರು. ಆಗ ಯೂಸರ್‌ನೇಮ್‌ಗೆ 30 ಅಕ್ಷರ, ಈಮೇಲ್‌ಗೆ 75 ಇತ್ತು. ಒಂದು ಸುದ್ದಿಮನೆಗೆ ಇಷ್ಟು ಸಾಕಿತ್ತು ಅನ್ನಿಸುತ್ತದೆ. ಬ್ಯಾಡಗಿಗೆ ಸಾಲದು.

ಜಾಸ್ತಿ ಮಾಹಿತಿ ಬೇಕಾದವರಿಗೆ ಮೊದಲು ಹೇಳಿಕೊಟ್ಟ ದಾರಿ: ಪಕ್ಕದಲ್ಲಿ ಪ್ರೊಫೈಲ್ ಎಂಬ ಇನ್ನೊಂದು ಟೇಬಲ್ ಇಡಿ, ಒಬ್ಬ ಯೂಸರ್‌ಗೆ ಒಂದು ಸಾಲು. ‘ಗೆಟ್ ಪ್ರೊಫೈಲ್’ ಅಂತ ಕರೆದರೆ ಅದು ಸಿಗುತ್ತಿತ್ತು. ಊರು, ಮೊಬೈಲ್ ನಂಬರ್ ಎಲ್ಲ ಅಲ್ಲಿಗೆ. ಆದರೆ ಹಳೇ ಯೂಸರ್‌ಗಳಿಗೆ ಪ್ರೊಫೈಲ್ ಸಾಲು ಮಾಡಲು ಮರೆತರೆ ಪುಟ ಅಲ್ಲೇ ಬೀಳುತ್ತಿತ್ತು. ಯೂಸರ್‌ನೇಮ್ ಬದಲು ಮೊಬೈಲ್ ನಂಬರಿನಿಂದ ಲಾಗಿನ್ ಮಾಡಿಸಬೇಕೆಂದರೆ ಪಕ್ಕದ ಟೇಬಲ್ ಏನೂ ಸಹಾಯ ಮಾಡುತ್ತಿರಲಿಲ್ಲ. 2013ರ ಫೆಬ್ರುವರಿಯಲ್ಲಿ ಬಂದ 1.5ನೇ ಆವೃತ್ತಿಯಲ್ಲಿ ಯೂಸರ್ ಟೇಬಲ್ಲನ್ನೇ ಬದಲಿಸಲು ಅವಕಾಶ ಕೊಟ್ಟರು. ಮರುವರ್ಷದ 1.7ರಲ್ಲಿ ‘ಗೆಟ್ ಪ್ರೊಫೈಲ್’ ತೆಗೆದೇ ಬಿಟ್ಟರು. ಪಕ್ಕದ ಟೇಬಲ್ ಇಡುವ ಪದ್ಧತಿ ಮಾತ್ರ ಈಗಲೂ ಇದೆ. ಸಣ್ಣ ಕೆಲಸಕ್ಕೆ ಸುಮ್ನೆ ಅದನ್ನೇ ಮಾಡಿ, ತಪ್ಪಿಲ್ಲ.

ಸ್ವಂತ ಯೂಸರ್ ಟೇಬಲ್ ಬೇಕಾದರೆ ಮೊದಲ ಮೈಗ್ರೇಷನ್‌ಗೂ (ಡೇಟಾಬೇಸಿನಲ್ಲಿ ಟೇಬಲ್‌ಗಳನ್ನು ಕಟ್ಟುವ ಹಂತ) ಮೊದಲೇ ತೀರ್ಮಾನಿಸಬೇಕು. ಉಳಿದ ಟೇಬಲ್‌ಗಳೆಲ್ಲ ಯೂಸರ್ ಕಡೆ ಬೆರಳು ತೋರಿಸುತ್ತಿರುತ್ತವೆ. ಆಮೇಲೆ ಬದಲಿಸುವುದೆಂದರೆ ಊಟ ಬಡಿಸಿದ ಮೇಲೆ ಎಲೆ ಬದಲಿಸಿದ ಹಾಗೆ. ನಾವು ಮಾಡಿದ್ದು ಅದನ್ನೇ. ಪುಣ್ಯಕ್ಕೆ ಇದ್ದದ್ದು ಟ್ರಯಲ್ ಡೇಟಾ. ಎಲ್ಲ ಅಳಿಸಿ, ಮೊಬೈಲ್ ನಂಬರನ್ನೇ ಯೂಸರ್‌ನೇಮ್ ಮಾಡಿ, ಹೆಸರಿಗೆ ಒಂದೇ ಉದ್ದದ ಖಾನೆ ಇಟ್ಟೆವು. ಯಾರ ಹೆಸರು ಎಷ್ಟುದ್ದವೋ ಅಷ್ಟು.

ಇಷ್ಟೆಲ್ಲ ಮಾಡಿಯೂ ನಾನೊಂದು ಕಡೆ ಎಡವಿದೆ. ಪಟ್ಟಿ ತೋರಿಸುವ ಪುಟದ ವಿಳಾಸದ ಕೊನೆಗೆ ಪಟ್ಟಿ ನಂಬರ್ ಇತ್ತು. ಲಾಗಿನ್ ಆಗಿದ್ದಾರೋ ಇಲ್ಲವೋ ನೋಡಿದ್ದೆ. ಆ ಪಟ್ಟಿ ಅವರದೇನಾ ಅಂತ ನೋಡಿರಲಿಲ್ಲ. ಒಬ್ಬ ರೈತರ ಮಗ ಫೋನ್ ಮಾಡಿದ: ‘ಸರ್, ಕಡೀಗೆ 412 ಇದ್ದದ್ದನ್ನ 413 ಮಾಡಿದೆ, ಬ್ಯಾರೆದವರ ಪಟ್ಟಿ ಬಂತ್ರಿ. ಅವರಿಗೆ ರೇಟ್ ಜಾಸ್ತಿ ಸಿಕ್ಕೈತಿ.’ ನನಗೆ ಬೆವರು. ಅವನಿಗೆ ರೇಟಿನದೇ ಚಿಂತೆ.

ವೆಬ್ ಸುರಕ್ಷತೆಗೆ ದುಡಿಯುವ ಓವಾಸ್ಪ್ ಎಂಬ ಸಂಸ್ಥೆ 2021ರಲ್ಲಿ ಕೊಟ್ಟ ವೆಬ್ ಆ್ಯಪ್ ಅಪಾಯಗಳ ಯಾದಿಯಲ್ಲಿ ಇದೇ ಜಾತಿಯ ತಪ್ಪು ಮೊದಲನೇ ಸ್ಥಾನದಲ್ಲಿದೆ. ರಿಪೇರಿ ಒಂದೇ ಸಾಲಿನದು: ಎಲ್ಲ ಪಟ್ಟಿಗಳಲ್ಲಿ ಹುಡುಕುವ ಬದಲು ‘ರಿಕ್ವೆಸ್ಟ್.ಯೂಸರ್’ಗೆ ಸೇರಿದ ಪಟ್ಟಿಗಳಲ್ಲಿ ಮಾತ್ರ ಹುಡುಕು. ಅದೇ ರಾತ್ರಿ ಹಾಕಿದೆ. ಮರುದಿನ ಹುಡುಗ ಮತ್ತೆ 413 ಒತ್ತಿ ನೋಡಿದನಂತೆ. ‘ಪುಟ ಸಿಗಲಿಲ್ಲ’ ಎಂಬ ಸ್ಕ್ರೀನ್‌ಶಾಟ್ ವಾಟ್ಸಾಪ್‌ಗೆ ಬಂತು, ಜೊತೆಗೆ ಒಂದು ಅಳುಮುಖ.